ಜಾಲದ ವಿನಂತಿವಿಧಾನಗಳೂ ಅಕ್ಷರಸಂಕೇತಗಳೂ: ಒಂದು ಚಾರಿತ್ರಿಕ ವಿವೇಚನೆ

೧. ಪೀಠಿಕೆ

ಲಿಪಿಯ ಚರಿತ್ರೆಯನ್ನು ಅಭ್ಯಾಸಮಾಡುವವರು ಕಲ್ಲು, ತಾಮ್ರಪಟ, ಓಲೆ, ಕಡತ, ಕಾಗದ ಎಂಬ ಕ್ರಮದಲ್ಲಿ ಸಾಗಿ ಅಚ್ಚಿನ ಮೊಳೆಯ ಬಳಿಗೆ ಬಂದು ನಿಲ್ಲುವುದು ವಾಡಿಕೆ. ಮೊಳೆಯಿಂದ ಈಚೆಗೆ ಅಕ್ಷರಕ್ಕೆ ಒದಗಿದ ಇನ್ನೊಂದು ಅವಸ್ಥೆಯು, ಎಂದರೆ ಸಂಖ್ಯೆಯ ರೂಪವನ್ನು ತಾಳಿ ತಂತಿಯ ಮೇಲೆ ಸಂಚರಿಸುವ ಅವಸ್ಥೆಯು, ಯಂತ್ರಶಾಸ್ತ್ರಜ್ಞರ ವಿಷಯವೆಂದು ಎಣಿಸಿ ನಾವು ಅದನ್ನು ಬಹುಮಟ್ಟಿಗೆ ಉಪೇಕ್ಷಿಸಿದ್ದೇವೆ. ಇದು ಯುಕ್ತವಲ್ಲ. ಇಂದು ನಿಘಂಟುಗಳೂ ಶಾಸನಗಳ ಪಾಠಗಳೂ ಆಡುನುಡಿಯ ಪದಸಂಗ್ರಹಗಳೂ ಹೆಚ್ಚು ಹೆಚ್ಚಾಗಿ ಈ ಮಾರ್ಗದಿಂದಲೇ ವಿದ್ವಾಂಸರ ಕೈಸೇರುತ್ತಿವೆ. ಓಲೆಯ ಪ್ರತಿಯಲ್ಲಿ ಲಿಪಿಕಾರನ ಕೈತಪ್ಪನ್ನು ಗುರುತಿಸಬಲ್ಲ ಸಂಶೋಧಕನು ಈ ಹೊಸ ಲಿಪಿಕಾರನ ತಪ್ಪುಗಳನ್ನೂ ಗುರುತಿಸಬಲ್ಲವನಾಗಬೇಕು.

ಪ್ರಸ್ತುತ ಲೇಖನದಲ್ಲಿ ನಾವು ಎರಡು ಸಂಗತಿಗಳ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಲು ಉದ್ದೇಶಿಸಿದ್ದೇವೆ. ಮೊದಲನೆಯದು, ಅಕ್ಷರಗಳಿಗೆ ಸಂಖ್ಯೆಗಳನ್ನು ನಿಯಮಿಸಿದ ಸಂಕೇತಪದ್ಧತಿಗಳ ಚರಿತ್ರೆ. ಎರಡನೆಯದು, ವರ್ಲ್ಡ್ ವೈಡ್ ವೆಬ್ ಎಂಬ ಜಾಲದಲ್ಲಿ ಓದುಗನ ಯಂತ್ರವು ದೂರದ ಯಂತ್ರವನ್ನು ಕೇಳಿಕೊಳ್ಳುವ ರೀತಿಗಳ, ಎಂದರೆ ವಿನಂತಿವಿಧಾನಗಳ, ಚರಿತ್ರೆ. ಇವೆರಡನ್ನೂ ಬೇರೆಬೇರೆಯಾಗಿ ಬರೆದವರು ಅನೇಕರುಂಟು. ಆದರೆ ಇಂಗ್ಲಿಷೇತರ ಭಾಷೆಗಳಿಗೆ ಒದಗಿದ ಹಾನಿಯ ಬಹುಭಾಗವು ಇವೆರಡೂ ಕೂಡುವ ಸಂಧಿಸ್ಥಾನದಲ್ಲಿಯೇ ಸಂಭವಿಸಿತೆಂಬುದು ನಮ್ಮ ಅಭಿಪ್ರಾಯ. ಅಕ್ಷರಗಳಿಗೆ ಸಂಖ್ಯೆಗಳಿಲ್ಲದುದು ಈ ಹಾನಿಗೆ ಕಾರಣವಲ್ಲ. ಯಾವ ಸಂಕೇತವನ್ನು ಉಪಯೋಗಿಸಲಾಗಿದೆ ಎಂಬ ಮಾತನ್ನು ಹೇಳುವುದಕ್ಕೆ ವಿನಂತಿಯಲ್ಲಿ ಸ್ಥಳವಿಲ್ಲದುದು ಕಾರಣ. ಇದನ್ನು ಮುಂದೆ ಆಧಾರಪೂರ್ವಕವಾಗಿ ವಿವರಿಸುತ್ತೇವೆ.

೨. ಅಕ್ಷರಸಂಕೇತಗಳು

ಅಕ್ಷರಕ್ಕೆ ಸಂಖ್ಯೆಯನ್ನು ಕೊಡುವ ಪದ್ಧತಿಯು ಗಣಕಯಂತ್ರಕ್ಕಿಂತ ಹಳೆಯದು. ಫ್ರಾನ್ಸ್ ದೇಶದ ಎಮಿಲ್ ಬೋದೋ ಎಂಬಾತನು ೧೮೭೪ರಲ್ಲಿ ಸ್ವಾಮ್ಯಪತ್ರವನ್ನು ಪಡೆದ ತಂತಿಯಂತ್ರದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಐದು ಸಂಜ್ಞೆಗಳ ಒಂದು ಗುಂಪು ಗೊತ್ತಾಗಿತ್ತು. ಒಂದೊಂದು ಸಂಜ್ಞೆಗೂ ಉಂಟು, ಇಲ್ಲ ಎಂಬ ಎರಡೇ ಅವಸ್ಥೆಗಳಾದುದರಿಂದ ಒಟ್ಟು ದೊರೆಯುವ ಗುಂಪುಗಳು ೩೨ ಮಾತ್ರ. ಅಂಕಿಗಳಿಗೂ ಚಿಹ್ನೆಗಳಿಗೂ ಅದೇ ಗುಂಪುಗಳನ್ನು ಮತ್ತೊಮ್ಮೆ ಉಪಯೋಗಿಸಬೇಕಾಗಿದ್ದುದರಿಂದ, "ಇನ್ನು ಮುಂದೆ ಬರುವುದು ಅಂಕಿ" ಎಂದು ತಿಳಿಸುವ ಪಲ್ಲಟಸಂಜ್ಞೆಯೊಂದು ಅವಶ್ಯಕವಾಯಿತು. ಆ ಒಂದು ಸಂಜ್ಞೆಯು ದಾರಿಯಲ್ಲಿ ತಪ್ಪಿಹೋದರೆ ಮುಂದಿನ ಸಂದೇಶವೆಲ್ಲವೂ ತಪ್ಪಾಗಿ ಓದಲ್ಪಡುತ್ತಿತ್ತು. ಒಂದೇ ಗುಂಪಿಗೆ ಎರಡು ಅರ್ಥಗಳು, ಯಾವ ಅರ್ಥವೆಂಬುದನ್ನು ಹೇಳುವ ಬೇರೊಂದು ಸೂಚನೆ, ಆ ಸೂಚನೆಯು ಲೋಪವಾದರೆ ಅನರ್ಥ: ನಾವು ವಿವೇಚಿಸಲಿರುವ ಸಮಸ್ಯೆಯ ಮೂಲರೂಪವು ಇಲ್ಲಿಯೇ ಇದೆ.

ಗಣಕಯಂತ್ರಗಳು ಬಳಕೆಗೆ ಬಂದ ಮೇಲೆ ಒಬ್ಬೊಬ್ಬ ತಯಾರಕನೂ ತನ್ನದೇ ಆದ ಸಂಕೇತವನ್ನು ಇಟ್ಟುಕೊಂಡಿದ್ದನು. ಇವುಗಳಲ್ಲಿ ಐಕ್ಯವನ್ನು ತರಲು ಅಮೆರಿಕನ್ ಸ್ಟ್ಯಾಂಡರ್ಡ್ಸ್ ಅಸೋಸಿಯೇಷನ್ ೧೯೬೩ರಲ್ಲಿ ಆಸ್ಕಿ ಎಂಬ ಸಂಕೇತವನ್ನು ಪ್ರಕಟಿಸಿತು. ಇದು ಏಳು ಬಿಟ್‌ಗಳ ಸಂಕೇತ. ಆದುದರಿಂದ ಸ್ಥಾನಗಳು ೧೨೮. ಮೊದಲ ಆವೃತ್ತಿಯಲ್ಲಿ ರೋಮನ್ ಸಣ್ಣಕ್ಷರಗಳಿಗೂ ಸ್ಥಾನವು ನಿಶ್ಚಿತವಾಗಿರಲಿಲ್ಲ. ಅವು ೧೯೬೭ರ ಪರಿಷ್ಕರಣದಲ್ಲಿ ಸೇರಿದವು. ೧೯೬೪ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಸಿಸ್ಟಂ ೩೬೦ ಯಂತ್ರಗಳು ಎಬ್ಸಿಡಿಕ್ ಎಂಬ ಬೇರೊಂದು ಸಂಕೇತವನ್ನೇ ಅನುಸರಿಸಿದವು. ೧೯೬೮ರ ಮಾರ್ಚ್ ತಿಂಗಳಿನಲ್ಲಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ನನು ಸರ್ಕಾರವು ಕೊಳ್ಳುವ ಯಂತ್ರಗಳಿಗೆ ಆಸ್ಕಿಯ ಸಾಮರ್ಥ್ಯವಿರತಕ್ಕದ್ದೆಂದು ಆಜ್ಞೆ ಮಾಡಿದನು. ಸಂಕೇತದ ಗೆಲುವಿಗೆ ಅದರ ಗುಣವೊಂದೇ ಸಾಲದು, ಅಧಿಕಾರದ ಬೆಂಬಲವೂ ಬೇಕು ಎಂಬುದು ಇದರಿಂದ ವಿದಿತವಾಗುತ್ತದೆ.

ಎಂಟು ಬಿಟ್‌ಗಳ ಬೈಟ್ ರೂಢಿಗೆ ಬಂದಮೇಲೆ ಸ್ಥಾನಗಳು ೨೫೬ ಆದವು. ಕೆಳಗಿನ ೧೨೮ ಆಸ್ಕಿಗೆ ಸಂದವು; ಮೇಲಿನ ೧೨೮ನ್ನು ಒಂದೊಂದು ಪ್ರಾಂತವು ಒಂದೊಂದು ರೀತಿಯಲ್ಲಿ ತುಂಬಿಕೊಂಡಿತು. ೧೯೮೭ರಲ್ಲಿ ಪ್ರಕಟವಾದ ಐ.ಎಸ್.ಒ. ೮೮೫೯-೧ ಎಂಬ ಪಟ್ಟಿಯು ಪಶ್ಚಿಮ ಯೂರೋಪಿನ ಭಾಷೆಗಳದು. ಗ್ರೀಕಿಗೂ ಸಿರಿಲಿಕ್ ಲಿಪಿಗೂ ಬೇರೆ ಪಟ್ಟಿಗಳಾದವು. ಭಾರತದಲ್ಲಿ ಭಾರತೀಯ ಮಾನಕ ಸಂಸ್ಥೆಯು ೧೯೯೧ರಲ್ಲಿ ಇಸ್ಕಿ ಎಂಬ ಸಂಕೇತವನ್ನು ಐ.ಎಸ್. ೧೩೧೯೪ ಎಂಬ ಸಂಖ್ಯೆಯಡಿ ಅಂಗೀಕರಿಸಿತು. ಬ್ರಾಹ್ಮಿಯಿಂದ ಇಳಿದುಬಂದ ಲಿಪಿಗಳಿಗೆಲ್ಲ ವರ್ಣಕ್ರಮವು ಸಮಾನವಾಗಿರುವುದನ್ನು ಗಮನಿಸಿ, ಕನ್ನಡದ ಕಕಾರಕ್ಕೂ ದೇವನಾಗರಿಯ ಕಕಾರಕ್ಕೂ ಅದು ಒಂದೇ ಸ್ಥಾನವನ್ನು ಕೊಟ್ಟಿತು. ನಮ್ಮ ವ್ಯಾಕರಣಪರಂಪರೆಯ ವರ್ಣಮಾಲೆಯು ಯಂತ್ರದ ಒಳಕ್ಕೆ ಪ್ರವೇಶಿಸಿದ ಸಂದರ್ಭವಿದು.

ಈಗ ೨೩೩ ಎಂಬ ಒಂದು ಸಂಖ್ಯೆಯನ್ನು ತೆಗೆದುಕೊಳ್ಳೋಣ. ಪಶ್ಚಿಮ ಯೂರೋಪಿನ ಪಟ್ಟಿಯಲ್ಲಿ ಅದು ಫ್ರೆಂಚರ ಸ್ವರಚಿಹ್ನೆಯುಳ್ಳ ಎಕಾರ. ಗ್ರೀಕಿನ ಪಟ್ಟಿಯಲ್ಲಿ ಅಯೋಟಾ. ಸಿರಿಲಿಕ್ ಪಟ್ಟಿಯಲ್ಲಿ ರಷ್ಯನ್ನರ ಶ್ಚಾ. ನಮ್ಮ ಇಸ್ಕಿಯಲ್ಲಿ ನುಕ್ತಾ. ಸಂಖ್ಯೆಯನ್ನು ಮಾತ್ರ ಕಂಡವನಿಗೆ ಇದು ಏನೆಂದು ತಿಳಿಯುವಂತಿಲ್ಲ. ಪಟ್ಟಿಯ ಹೆಸರು ಸಂಖ್ಯೆಯ ಜೊತೆಯಲ್ಲಿ ಬರಲೇಬೇಕು.

ಈ ಬಹುತ್ವವನ್ನು ನಿವಾರಿಸುವ ಸಲುವಾಗಿ ಜೋಸೆಫ್ ಬೆಕರ್ ಎಂಬ ವಿದ್ವಾಂಸನು ೧೯೮೮ರಲ್ಲಿ ಯೂನಿಕೋಡ್ ಎಂಬ ಏಕಸಂಕೇತದ ಕರಡನ್ನು ಬರೆದನು. ೧೯೯೧ರ ಅಕ್ಟೋಬರಿನಲ್ಲಿ ಅದರ ಮೊದಲ ಆವೃತ್ತಿಯು ಹೊರಬಂದಿತು. ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗಿನ ೧೨೮ ಸ್ಥಾನಗಳು ಮೀಸಲಾದವು. ಅಕ್ಷರಗಳ ಕ್ರಮವನ್ನು ಇಸ್ಕಿಯ ೧೯೮೮ರ ರೂಪದಿಂದ ತೆಗೆದುಕೊಳ್ಳಲಾಯಿತು. ಆದರೆ ಇಷ್ಟು ದೊಡ್ಡ ಸಂಖ್ಯೆಗಳು ಒಂದು ಬೈಟಿನಲ್ಲಿ ಹಿಡಿಯಲಾರವು. ೧೯೯೨ರ ಸೆಪ್ಟೆಂಬರ್ ೨ರ ರಾತ್ರಿ ನ್ಯೂಜೆರ್ಸಿಯ ಒಂದು ಊಟದ ಮನೆಯಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಎಂಬಿಬ್ಬರು ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಈ ತೊಡಕಿಗೆ ಒಂದು ಪರಿಹಾರವನ್ನು ಗುರುತುಮಾಡಿಕೊಂಡರು. ಅದೇ ಯು.ಟಿ.ಎಫ್.-೮. ಇದರಲ್ಲಿ ಆಸ್ಕಿಯ ೧೨೮ ಅಕ್ಷರಗಳು ಹಿಂದಿನಂತೆಯೇ ಒಂದೊಂದು ಬೈಟಿನಲ್ಲಿ ನಿಲ್ಲುತ್ತವೆ. ಉಳಿದವುಗಳಿಗೆ ಎರಡರಿಂದ ನಾಲ್ಕು ಬೈಟ್‌ಗಳು ಬೇಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್‌ಗಳು. ಬಹುಬೈಟಿನ ಅಕ್ಷರದೊಳಗೆ ೧೨೮ಕ್ಕಿಂತ ಕೆಳಗಿನ ಬೈಟ್ ಎಂದಿಗೂ ಬಾರದಿರುವುದರಿಂದ ಹಳೆಯ ತಂತ್ರಾಂಶಗಳು ಇದರಿಂದ ಕೆಡುತ್ತಿರಲಿಲ್ಲ. ಪೂರ್ವಪದ್ಧತಿಯೊಡನೆ ವಿರೋಧವಿಲ್ಲದ ಈ ಗುಣವೇ ಮುಂದೆ ಅದರ ಸಾರ್ವತ್ರಿಕ ಪ್ರಚಾರಕ್ಕೆ ಮುಖ್ಯ ಕಾರಣವಾಯಿತೆಂದು ಹೇಳಬಹುದು.

೩. ವಿನಂತಿವಿಧಾನಗಳು

ಯೂನಿಕೋಡಿನ ಮೊದಲ ಆವೃತ್ತಿಯು ಪ್ರಕಟವಾದ ೧೯೯೧ರಲ್ಲಿಯೇ ಜಾಲವೂ ಲೋಕಕ್ಕೆ ಪರಿಚಿತವಾಯಿತು. ಆದರೆ ಒಂದರ ರಚನೆಯಲ್ಲಿ ಮತ್ತೊಂದರ ಉಪಯೋಗವು ಆಗ ಕಂಡುಬರುವುದಿಲ್ಲ. ಜಿನೀವಾ ನಗರದ ಸಮೀಪದ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ೧೯೮೯ರ ಮಾರ್ಚಿನಲ್ಲಿ ತನ್ನ ಯೋಜನೆಯನ್ನು ಮಂಡಿಸಿದನು. ೧೯೯೦ರ ಕೊನೆಯ ಹೊತ್ತಿಗೆ ಮೊದಲ ಸರ್ವರ್ ಕೆಲಸಮಾಡತೊಡಗಿತು. ಯಂತ್ರಗಳು ಪರಸ್ಪರ ಸಂಭಾಷಿಸುವ ಎಚ್.ಟಿ.ಟಿ.ಪಿ. ಎಂಬ ನಿಯಮವು ಆಗ ಅತ್ಯಂತ ಸರಳವಾಗಿತ್ತು. ವಿನಂತಿಯೆಂದರೆ ಒಂದೇ ಸಾಲು: 'ಗೆಟ್' ಎಂಬ ಮಾತು, ಅದರ ಮುಂದೆ ಬೇಕಾದ ಪುಟದ ವಿಳಾಸ. ಉತ್ತರವಾಗಿ ಪುಟವು ಬರುತ್ತಿತ್ತು, ಅಷ್ಟೆ. ಬೇರಾವ ಶಿರೋಲೇಖವೂ ಇರಲಿಲ್ಲ. ಪುಟವನ್ನು ಬೇಡುವುದರ ಹೊರತು ಓದುಗನಿಂದ ಮತ್ತೇನೂ ನಿರೀಕ್ಷಿತವಾಗಿರಲಿಲ್ಲವಾದುದರಿಂದ ಅಷ್ಟೇ ಸಾಕಾಗಿತ್ತು.

ಓದುಗನು ತಾನೂ ಏನನ್ನಾದರೂ ಬರೆದು ಕಳುಹಿಸುವಂತಾದಾಗ, ಎಂದರೆ ಪುಟದಲ್ಲಿ ತುಂಬಬೇಕಾದ ನಮೂನೆಗಳು ಬಳಕೆಗೆ ಬಂದಾಗ, ಸ್ಥಿತಿಯು ಬದಲಾಯಿತು. ೧೯೯೫ರ ನವೆಂಬರಿನಲ್ಲಿ ಪ್ರಕಟವಾದ ಎಚ್.ಟಿ.ಎಂ.ಎಲ್. ೨.೦ರ ನಿರೂಪಣೆಯು ನಮೂನೆಯನ್ನು ಕಳುಹಿಸಲು ಎರಡು ವಿಧಾನಗಳನ್ನು ಹೇಳುತ್ತದೆ: ಗೆಟ್ ಮತ್ತು ಪೋಸ್ಟ್. ೧೯೯೬ರ ಮೇ ತಿಂಗಳಿನ ಎಚ್.ಟಿ.ಟಿ.ಪಿ. ೧.೦ ಇವುಗಳ ಜೊತೆಗೆ 'ಹೆಡ್' ಎಂಬುದನ್ನು ನಿರೂಪಿಸಿತು. ೧೯೯೭ರ ಜನವರಿಯ ೧.೧ ಆವೃತ್ತಿಯು 'ಪುಟ್', 'ಡಿಲೀಟ್', 'ಆಪ್ಷನ್ಸ್', 'ಟ್ರೇಸ್' ಎಂಬವನ್ನು ನಿಯತಗೊಳಿಸಿತು. 'ಪ್ಯಾಚ್' ಎಂಬುದು ೨೦೧೦ರಲ್ಲಿ ಬಂದಿತು. ಆದರೆ ಜನಸಾಮಾನ್ಯರ ಬರಹವು ಸಂಚರಿಸಿದುದು ಬಹುಮಟ್ಟಿಗೆ ಮೊದಲ ಎರಡರ ಮೂಲಕವೇ.

ಇವೆರಡರ ಭೇದವನ್ನು ಅಂಚೆಯ ದೃಷ್ಟಾಂತದಿಂದ ತಿಳಿಯಬಹುದು. ಪೋಸ್ಟ್ ವಿಧಾನದಲ್ಲಿ ವಿಳಾಸವು ಲಕೋಟೆಯ ಮೇಲೆ, ಒಕ್ಕಣೆಯು ಅದರ ಒಳಗೆ. ಗೆಟ್ ವಿಧಾನದಲ್ಲಿ ಒಳಗೆಂಬುದೇ ಇಲ್ಲ. ಒಕ್ಕಣೆಯನ್ನೂ ವಿಳಾಸದ ಕೊನೆಯಲ್ಲಿಯೇ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು ಅದರ ಮುಂದೆ ಸೇರಿಸಿ ಬರೆಯಬೇಕು. ಇದರಿಂದ ಒಂದು ಪ್ರಯೋಜನವುಂಟು: ವಿಳಾಸವನ್ನು ಬರೆದಿಟ್ಟುಕೊಂಡರೆ ಅದೇ ಹುಡುಕಾಟವನ್ನು ಮತ್ತೊಮ್ಮೆ ಮಾಡಬಹುದು, ಇನ್ನೊಬ್ಬರಿಗೂ ಕಳುಹಿಸಬಹುದು. ಗೆಟ್ ವಿನಂತಿಯು ಕೇಳುವುದಕ್ಕೆ ಮಾತ್ರ, ಅದರಿಂದ ದೂರದ ಯಂತ್ರದಲ್ಲಿ ಯಾವ ಬದಲಾವಣೆಯೂ ಆಗತಕ್ಕದ್ದಲ್ಲ ಎಂಬುದು ನಿಯಮ. ಇದನ್ನು ಮೀರಿದವರಿಗೆ ಶಿಕ್ಷೆಯಾದುದೂ ಉಂಟು. ೨೦೦೫ರಲ್ಲಿ, ಓದುಗನು ಕೇಳುವ ಮೊದಲೇ ಪುಟದಲ್ಲಿನ ಕೊಂಡಿಗಳನ್ನೆಲ್ಲ ತಾನಾಗಿ ತರಿಸಿಡುವ ತಂತ್ರಾಂಶವೊಂದು ಬಂದಾಗ, "ಅಳಿಸು" ಎಂಬ ಕಾರ್ಯವನ್ನು ಗೆಟ್ ಕೊಂಡಿಯಾಗಿ ಇಟ್ಟಿದ್ದ ತಾಣಗಳಲ್ಲಿ ಬರಹಗಳು ತಾವಾಗಿ ಅಳಿಸಿಹೋದವು. ಆದಕಾರಣ ಹುಡುಕುವುದಕ್ಕೆ ಗೆಟ್, ಸೇರಿಸುವುದಕ್ಕೂ ತಿದ್ದುವುದಕ್ಕೂ ಪೋಸ್ಟ್ ಎಂಬ ವಿಭಾಗವು ಯುಕ್ತವಾದುದೇ. ಆದರೆ ಈ ಯುಕ್ತವಾದ ವಿಭಾಗದಿಂದಲೇ, ಒಂದೇ ಪದವು ಒಳಕ್ಕೆ ಹೋಗುವಾಗ ಒಂದು ದಾರಿಯನ್ನೂ ಅದನ್ನು ಹುಡುಕುವಾಗ ಇನ್ನೊಂದು ದಾರಿಯನ್ನೂ ಹಿಡಿಯುವಂತಾಯಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

೪. ಸಂಧಿಸ್ಥಾನದ ದೋಷ

೧೯೯೪ರ ಡಿಸೆಂಬರಿನ ನಿರೂಪಣೆಯ ಪ್ರಕಾರ ವಿಳಾಸದಲ್ಲಿ ಆಸ್ಕಿಯ ಕೆಲವು ಅಕ್ಷರಗಳಿಗೆ ಮಾತ್ರ ಪ್ರವೇಶವಿತ್ತು. ಉಳಿದ ಬೈಟ್‌ಗಳನ್ನು ಶೇಕಡಾ ಚಿಹ್ನೆಯ ಮುಂದೆ ಹದಿನಾರರ ಎಣಿಕೆಯ ಎರಡು ಅಂಕಿಗಳಾಗಿ ಬರೆಯಬೇಕು. ಇಲ್ಲಿ ಗಮನಿಸತಕ್ಕ ವಿಷಯವೇನೆಂದರೆ, ಬೈಟನ್ನು ಬರೆಯುವ ರೀತಿಯನ್ನು ನಿಯಮವು ಹೇಳಿತು. ಅಕ್ಷರವನ್ನು ಬೈಟಾಗಿಸುವ ರೀತಿಯನ್ನು ಹೇಳಲಿಲ್ಲ. ಬಂದ ಬೈಟ್‌ಗಳು ಪಶ್ಚಿಮ ಯೂರೋಪಿನ ಪಟ್ಟಿಗೆ ಸೇರಿದವೋ, ಇಸ್ಕಿಗೋ, ಯು.ಟಿ.ಎಫ್.-೮ಕ್ಕೋ ಎಂಬುದನ್ನು ತಿಳಿಸಲು ಗೆಟ್ ವಿನಂತಿಯ ವಿಳಾಸದಲ್ಲಿ ಸ್ಥಳವೇ ಇರಲಿಲ್ಲ.

ಪೋಸ್ಟ್ ವಿಧಾನದ ಲಕೋಟೆಯ ಮೇಲೆ ಒಳಗಿನ ವಸ್ತುವಿನ ಜಾತಿಯನ್ನು ಹೇಳುವ ಶಿರೋಲೇಖವೊಂದಿತ್ತು. ಅದರಲ್ಲಿ ಸಂಕೇತದ ಹೆಸರನ್ನು ಬರೆಯಲು ಅವಕಾಶವಿತ್ತು. ಆದರೆ ರೂಢಿಯಲ್ಲಿ ಬ್ರೌಸರ್‌ಗಳು ಸಾಮಾನ್ಯ ನಮೂನೆಗಳಿಗೆ ಆ ಹೆಸರನ್ನು ಬರೆಯಲಿಲ್ಲ. ಇದರ ಮೇಲೆ, ಸಂಕೇತದ ಹೆಸರಿಲ್ಲದ ಬರಹವನ್ನು ಐ.ಎಸ್.ಒ. ೮೮೫೯-೧ ಎಂದು ತಿಳಿಯತಕ್ಕದ್ದೆಂದು ೧೯೯೬ರ ಎಚ್.ಟಿ.ಟಿ.ಪಿ. ನಿಯಮವು ವಿಧಿಸಿತು, ೧೯೯೯ರ ಪರಿಷ್ಕರಣವೂ ಅದನ್ನೇ ಉಳಿಸಿಕೊಂಡಿತು. ಪಶ್ಚಿಮ ಯೂರೋಪಿನ ನಡುವೆ, ಫ್ರೆಂಚ್ ಆಡುವ ಪ್ರಾಂತದಲ್ಲಿ ಹುಟ್ಟಿದ ವ್ಯವಸ್ಥೆಗೆ ಆ ಪಟ್ಟಿಯು ಸಹಜವಾಗಿ ಕಂಡಿರಬಹುದು. ಅದರ ಹೊರಗಿನ ಭಾಷೆಗಳಿಗಾದರೋ, ಮೌನವೆಂದರೆ ತಪ್ಪು ಹೇಳಿಕೆಯೆಂದೇ ಅರ್ಥವಾಯಿತು.

೧೯೯೯ರ ಡಿಸೆಂಬರ್ ೨೪ರಂದು ಪ್ರಕಟವಾದ ಎಚ್.ಟಿ.ಎಂ.ಎಲ್. ೪.೦೧ ಈ ದೋಷವನ್ನು ಸ್ಪಷ್ಟವಾಗಿಯೇ ಒಪ್ಪಿಕೊಂಡಿದೆ. ಗೆಟ್ ವಿಧಾನದಲ್ಲಿ ಆಸ್ಕಿ ಅಕ್ಷರಗಳಿಗೆ ಮಾತ್ರ ಎಡೆಯುಂಟೆಂದೂ, ವಿಶ್ವದ ಎಲ್ಲ ಅಕ್ಷರಗಳನ್ನು ಕಳುಹಿಸಲು ನಿಯಮಸಮ್ಮತವಾದ ಮಾರ್ಗವು ಬಹುಭಾಗರೂಪದ ಪೋಸ್ಟ್ ಒಂದೇ ಎಂದೂ ಅದು ಹೇಳುತ್ತದೆ. ಶಾಸ್ತ್ರವು ಹೀಗೆ ಹೇಳುತ್ತಿದ್ದಾಗಲೇ ಜಪಾನಿನವರೂ ರಷ್ಯನ್ನರೂ ಅರಬರೂ ಗೆಟ್ ಮೂಲಕ ತಮ್ಮ ಭಾಷೆಗಳಲ್ಲಿ ಹುಡುಕುತ್ತಲೇ ಇದ್ದರು; ವ್ಯವಹಾರವು ಶಾಸ್ತ್ರಕ್ಕಾಗಿ ಕಾಯಲಿಲ್ಲ. ಬ್ರೌಸರ್‌ಗಳು ತಮ್ಮೊಳಗೆ ಒಂದು ರೂಢಿಯನ್ನು ಮಾಡಿಕೊಂಡವು: ನಮೂನೆಯಿರುವ ಪುಟವು ಯಾವ ಸಂಕೇತದಲ್ಲಿದೆಯೋ, ತುಂಬಿದ ಬರಹವನ್ನೂ ಅದೇ ಸಂಕೇತದಲ್ಲಿ ಕಳುಹಿಸುವುದು. ಸರ್ವರ್ ತಾನು ಕಳುಹಿಸಿದ ಪುಟದ ಸಂಕೇತವನ್ನು ನೆನಪಿಟ್ಟುಕೊಂಡಿದ್ದರೆ ಇದು ನಡೆಯುತ್ತಿತ್ತು; ಇಲ್ಲವಾದರೆ ಇಲ್ಲ.

ಸರ್ವರಿನ ಕಡೆಯಲ್ಲಿಯೂ ಇಂತಹುದೇ ಅರ್ಧಪರಿಹಾರವು ಕಾಣುತ್ತದೆ. ಜಾವಾ ಭಾಷೆಯ ಸರ್ವ್‌ಲೆಟ್ ನಿಯಮದ ೨.೩ನೆಯ ಆವೃತ್ತಿಯು ೨೦೦೧ರಲ್ಲಿ, ಬಂದ ವಿನಂತಿಯನ್ನು ಯಾವ ಸಂಕೇತವೆಂದು ಓದಬೇಕೆಂಬುದನ್ನು ಕಾರ್ಯಕ್ರಮ ಬರೆಯುವವನೇ ಗೊತ್ತುಮಾಡುವ ಅನುಕೂಲವನ್ನು ಕಲ್ಪಿಸಿತು. ಆದರೆ ಅದು ಅನ್ವಯಿಸಿದುದು ಲಕೋಟೆಯ ಒಳಗಿನ ಒಕ್ಕಣೆಗೆ ಮಾತ್ರ. ವಿಳಾಸದಲ್ಲಿ ಬರೆದ ಒಕ್ಕಣೆಯನ್ನು ಸರ್ವರ್ ತನ್ನ ಹಳೆಯ ಅಭ್ಯಾಸದಂತೆಯೇ ಓದುವುದಕ್ಕೆ ಎಡೆಯುಳಿಯಿತು. ಒಂದೇ ಯಂತ್ರವು ಪೋಸ್ಟ್ ಮೂಲಕ ಬಂದ ಪದವನ್ನು ಸರಿಯಾಗಿಯೂ ಗೆಟ್ ಮೂಲಕ ಬಂದ ಅದೇ ಪದವನ್ನು ತಪ್ಪಾಗಿಯೂ ಓದಿದ ನಿದರ್ಶನಗಳು ಹೇರಳವಾಗಿ ಸಂಭವಿಸಿದುದು ಈ ಕಾರಣದಿಂದ.

೫. ಅಪಪಾಠಗಳ ವರ್ಗೀಕರಣ

ಗ್ರಂಥಸಂಪಾದನೆಯಲ್ಲಿ ನಾವು ಲಿಪಿಕಾರರ ದೋಷಗಳನ್ನು ವರ್ಗೀಕರಿಸುವಂತೆ ಈ ದೋಷಗಳನ್ನೂ ವರ್ಗೀಕರಿಸಬಹುದು. ಉದಾಹರಣೆಗೆ 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳೋಣ. ಯೂನಿಕೋಡಿನಲ್ಲಿ ಇದಕ್ಕೆ ಐದು ಸಂಕೇತಗಳು: ಕ, ನ, ಹಲಂತಚಿಹ್ನೆ, ನ, ಡ. ಯು.ಟಿ.ಎಫ್.-೮ರಲ್ಲಿ ಹದಿನೈದು ಬೈಟ್‌ಗಳು. ಗೆಟ್ ವಿಳಾಸದಲ್ಲಿ ಒಂದೊಂದು ಬೈಟಿಗೂ ಮೂರು ಅಕ್ಷರಗಳಾಗಿ ಒಟ್ಟು ನಲವತ್ತೈದು. ಕಕಾರದ ಮೂರು ಬೈಟ್‌ಗಳು ಕ್ರಮವಾಗಿ ೨೨೪, ೧೭೮, ೧೪೯.

ಮೊದಲನೆಯದು ಅನ್ಯಥಾವಾಚನ. ಮೇಲಿನ ಮೂರು ಬೈಟ್‌ಗಳನ್ನು ಪಶ್ಚಿಮ ಯೂರೋಪಿನ ರೀತಿಯಲ್ಲಿ ಓದಿದರೆ, ತಲೆಯ ಮೇಲೆ ಓರೆಗೆರೆಯುಳ್ಳ ರೋಮನ್ ಅಕಾರವೂ, ವರ್ಗವನ್ನು ಸೂಚಿಸುವ ಸಣ್ಣ ಎರಡರ ಅಂಕಿಯೂ, ವಿಂಡೋಸ್ ಪಟ್ಟಿಯ ಪ್ರಕಾರ ಒಂದು ಕರಿಯ ಬೊಟ್ಟೂ ಕಾಣುತ್ತವೆ. ಕನ್ನಡದ ಎಲ್ಲ ಸಂಕೇತಗಳ ಮೊದಲ ಬೈಟ್ ೨೨೪, ಎರಡನೆಯದು ೧೭೮ ಅಥವಾ ೧೭೯. ಆದುದರಿಂದ ಓರೆಗೆರೆಯ ಅಕಾರವೂ ಅದರ ಬೆನ್ನಿಗೆ ಸಣ್ಣ ಎರಡೋ ಮೂರೋ ಪದೇ ಪದೇ ಬರುತ್ತಿದ್ದರೆ ಅದು ಕೆಟ್ಟ ಕನ್ನಡವೆಂದು ತಿಳಿಯಬಹುದು. ಬೈಟ್‌ಗಳು ಅಳಿಯದೆ ಉಳಿದಿದ್ದರೆ ಇದನ್ನು ಸಂಪೂರ್ಣವಾಗಿ ಸರಿಪಡಿಸಲು ಸಾಧ್ಯ.

ಎರಡನೆಯದು ದ್ವಿರಾವೃತ್ತಿ. ಹೀಗೆ ತಪ್ಪಾಗಿ ಓದಿದುದನ್ನೇ ಸರಿಯೆಂದು ಭಾವಿಸಿ ಮತ್ತೆ ಯು.ಟಿ.ಎಫ್.-೮ಕ್ಕೆ ತಿರುಗಿಸಿದರೆ, 'ಕನ್ನಡ'ದ ಹದಿನೈದು ಬೈಟ್‌ಗಳೂ ೧೨೮ಕ್ಕಿಂತ ದೊಡ್ಡವಾದುದರಿಂದ, ಐ.ಎಸ್.ಒ. ೮೮೫೯-೧ರ ಲೆಕ್ಕದಲ್ಲಿ ಒಂದೊಂದೂ ಎರಡಾಗಿ ಮೂವತ್ತಾಗುತ್ತವೆ. ಇದನ್ನೂ ಹಿಂದಕ್ಕೆ ಬಿಚ್ಚಬಹುದು. ಆದರೆ ಎಷ್ಟು ಸಲ ಸುತ್ತಿದೆಯೆಂಬುದನ್ನು ತಿಳಿದು ಅಷ್ಟೇ ಸಲ ಬಿಚ್ಚಬೇಕು.

ಮೂರನೆಯದು ಸಂಖ್ಯಾನಿರ್ದೇಶ. ನಮೂನೆಯ ಪುಟವು ಪಶ್ಚಿಮ ಯೂರೋಪಿನ ಪಟ್ಟಿಯಲ್ಲಿದ್ದು ಓದುಗನು ಅದರಲ್ಲಿ ಕಕಾರವನ್ನು ಬರೆದರೆ, ಆ ಪಟ್ಟಿಯಲ್ಲಿ ಕಕಾರವಿಲ್ಲದುದರಿಂದ ಬ್ರೌಸರ್ ಅದರ ಕ್ರಮಸಂಖ್ಯೆಯಾದ ೩೨೨೧ನ್ನು ಚಿಹ್ನೆಗಳ ನಡುವೆ ಇಟ್ಟು ಕಳುಹಿಸುತ್ತದೆ. ಅಕ್ಷರವು ಹೋಗಿಲ್ಲ, ಹೆಸರು ಉಳಿದಿದೆ. ಆದರೆ ಓದುಗನು ತಾನೇ ಆ ಸಂಖ್ಯೆಯನ್ನು ಬರೆದಿದ್ದನೋ, ಯಂತ್ರವು ಬರೆಯಿತೋ ಎಂಬುದನ್ನು ವಿಂಗಡಿಸುವಂತಿಲ್ಲ.

ನಾಲ್ಕನೆಯದು ಲೋಪ. ಅಕ್ಷರವನ್ನು ಸರಿಯಾಗಿ ಓದಿದ ಯಂತ್ರವು ಅದನ್ನು ಆ ಅಕ್ಷರವಿಲ್ಲದ ಪಟ್ಟಿಗೆ ತಿರುಗಿಸಿ ಸಂಗ್ರಹಿಸುವಾಗ ಅದರ ಸ್ಥಾನದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಇಡುತ್ತದೆ. 'ಕನ್ನಡ' ಎಂಬುದೂ ಐದು ಪ್ರಶ್ನೆಗಳು, ಐದು ಸಂಕೇತಗಳುಳ್ಳ ಬೇರಾವ ಪದವಾದರೂ ಐದು ಪ್ರಶ್ನೆಗಳೇ. ಇದನ್ನು ಹಿಂದಕ್ಕೆ ತರುವ ಉಪಾಯವಿಲ್ಲ. ಓಲೆಯಲ್ಲಿ ಗೆದ್ದಲು ತಿಂದ ಭಾಗವನ್ನು ಸಂಪಾದಕನು ಚುಕ್ಕೆಗಳಿಂದ ತೋರಿಸುತ್ತಾನೆ. ಇಲ್ಲಿ ಗೆದ್ದಲೇ ಚುಕ್ಕೆಗಳನ್ನಿಟ್ಟು ಹೋಗಿರುತ್ತದೆ.

೬. ನಮ್ಮ ಅನುಭವದ ಒಂದು ಪ್ರಸಂಗ

ಮೇಲಿನ ವಿವೇಚನೆಯು ಕೇವಲ ತಾಂತ್ರಿಕವಲ್ಲವೆಂಬುದಕ್ಕೆ ನಮಗೇ ಒದಗಿದ ಪ್ರಸಂಗವೊಂದನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ವೃತ್ತಿಪದಗಳ ಸಂಗ್ರಹಕ್ಕಾಗಿ ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗಿ, ಕುಂಬಾರರು, ಗಾಣಿಗರು, ನೇಕಾರರು ಬಳಸುವ ಮಾತುಗಳನ್ನು ಕೇಳಿ ಬರೆದು, ಜಾಲದ ನಮೂನೆಯೊಂದರ ಮೂಲಕ ಒಂದೆಡೆ ಸೇರಿಸುತ್ತಿದ್ದರು. ಸೇರಿಸುವ ನಮೂನೆಯು ಪೋಸ್ಟ್ ವಿಧಾನದ್ದು. ಹುಡುಕುವ ನಮೂನೆಯು ಗೆಟ್ ವಿಧಾನದ್ದು. ಸೇರಿಸಿದ ಪದಗಳು ಪುಟದಲ್ಲಿ ಚೆನ್ನಾಗಿಯೇ ಕಾಣುತ್ತಿದ್ದವು. ಹುಡುಕಿದರೆ ಮಾತ್ರ ಉತ್ತರವು ಯಾವಾಗಲೂ "ಪದವಿಲ್ಲ" ಎಂದೇ.

ಯಂತ್ರದ ಈ ಮಾತನ್ನು ನಾವು ನಂಬಿದೆವು. ನಂಬಿದುದರಿಂದ ಎರಡು ತಪ್ಪುಗಳಾದವು. ವಿದ್ಯಾರ್ಥಿಗಳು ಈಗಾಗಲೇ ಇದ್ದ ಪದಗಳನ್ನು ಮತ್ತೆ ಮತ್ತೆ ಸೇರಿಸಿದರು, ಇದು ಸಣ್ಣದು. ಒಂದು ಪದವು ಇಂತಹ ಸೀಮೆಯಲ್ಲಿ ಪ್ರಚಾರದಲ್ಲಿಲ್ಲವೆಂದು ಒಂದು ಟಿಪ್ಪಣಿಯಲ್ಲಿ ಬರೆದೆವು, ಇದು ದೊಡ್ಡದು. ಆ ಸೀಮೆಯಿಂದಲೇ ಬಂದ ನಮೂದು ಸಂಗ್ರಹದಲ್ಲಿಯೇ ಇತ್ತೆಂಬುದು ಅನಂತರ ತಿಳಿದು ಟಿಪ್ಪಣಿಯನ್ನು ಹಿಂದಕ್ಕೆ ತೆಗೆದುಕೊಂಡೆವು. 'ಇಲ್ಲ' ಎಂಬ ಮಾತು ಸಂಶೋಧನೆಯಲ್ಲಿ ಎಷ್ಟು ಭಾರವಾದುದೆಂಬುದನ್ನು ಅಧ್ಯಾಪಕರಿಗೆ ನಾವು ಹೇಳಬೇಕಾಗಿಲ್ಲ.

ಮುಂದೆ ಸಂಗ್ರಹವನ್ನು ಬೇರೊಂದು ಯಂತ್ರಕ್ಕೆ ಸಾಗಿಸಿದಾಗ ಒಂದು ಭಾಗವು ಪ್ರಶ್ನಾರ್ಥಕ ಚಿಹ್ನೆಗಳಾಗಿ ಪರಿಣಮಿಸಿತು. ಕೈಬರಹದ ಪುಸ್ತಕಗಳನ್ನು ಇಟ್ಟುಕೊಂಡಿದ್ದ ವಿದ್ಯಾರ್ಥಿಗಳ ನಮೂದುಗಳನ್ನು ಮತ್ತೆ ಬರೆದುಕೊಂಡೆವು. ಇಟ್ಟುಕೊಳ್ಳದವರ ನಮೂದುಗಳು ಹೋದವು. ತಿಗರಿಯ ಭಾಗಗಳ ಹೆಸರುಗಳನ್ನು ಒಂದು ಮಧ್ಯಾಹ್ನವೆಲ್ಲ ಕುಳಿತು ಹೇಳಿಕೊಟ್ಟಿದ್ದ ವೃದ್ಧರೊಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮಕ್ಕಳು ಆ ಕಸುಬನ್ನು ಬಿಟ್ಟಿದ್ದರು. ಅವರು ಹೇಳಿದ ಪದಗಳ ಅರ್ಥವಿವರಣೆಯನ್ನು ವಿದ್ಯಾರ್ಥಿಯು ಇಂಗ್ಲಿಷಿನಲ್ಲಿ ಬರೆದಿದ್ದುದರಿಂದ ಅದು ಅಕ್ಷತವಾಗಿ ಉಳಿದಿದೆ. ಪದಗಳು ಮಾತ್ರ ಇಲ್ಲ.

೭. ಪರಿಹಾರದ ಚರಿತ್ರೆ

ಈ ಅವ್ಯವಸ್ಥೆಯು ಒಂದು ಆಜ್ಞೆಯಿಂದ ಕೊನೆಗೊಳ್ಳಲಿಲ್ಲ. ಎರಡು ದಶಕಗಳಲ್ಲಿ ಹಂತಹಂತವಾಗಿ ಶಮನವಾಯಿತು. ೧೯೯೮ರ ಜನವರಿಯಲ್ಲಿ, ಅಂತರಜಾಲದ ನಿಯಮಗಳನ್ನು ರೂಪಿಸುವ ಮಂಡಲಿಯು ಇನ್ನು ಮುಂದಿನ ನಿಯಮಗಳೆಲ್ಲವೂ ಯು.ಟಿ.ಎಫ್.-೮ನ್ನು ಬಳಸಲು ಸಮರ್ಥವಾಗಿರಬೇಕೆಂಬ ನೀತಿಯನ್ನು ಪ್ರಕಟಿಸಿತು. ೨೦೦೩ರ ನವೆ೦ಬರಿನಲ್ಲಿ ಯು.ಟಿ.ಎಫ್.-೮ರ ನಿರೂಪಣೆಯು ಈಗಿನ ರೂಪವನ್ನು ಪಡೆಯಿತು. ೨೦೦೫ರ ಜನವರಿಯಲ್ಲಿ ವಿಳಾಸಗಳ ನಿಯಮವು ಪರಿಷ್ಕೃತವಾಗಿ, ಹೊಸದಾಗಿ ನಿರೂಪಿಸುವ ವಿಳಾಸಕ್ರಮಗಳು ಅಕ್ಷರವನ್ನು ಮೊದಲು ಯು.ಟಿ.ಎಫ್.-೮ಕ್ಕೆ ತಿರುಗಿಸಿ ಅನಂತರ ಶೇಕಡಾ ರೂಪದಲ್ಲಿ ಬರೆಯಬೇಕೆಂದು ಹೇಳಿತು. ಅದೇ ತಿಂಗಳು, ವಿಶ್ವದ ಯಾವ ಲಿಪಿಯಲ್ಲಿಯಾದರೂ ವಿಳಾಸವನ್ನು ಬರೆಯುವ ಕ್ರಮವೂ ಪ್ರಕಟವಾಯಿತು. ಹಳೆಯ ಎಚ್.ಟಿ.ಟಿ.ಪಿ. ವಿಳಾಸಗಳನ್ನು ಮಾತ್ರ ಇದು ಕಟ್ಟುಪಾಡಿಗೆ ಒಳಪಡಿಸಲಿಲ್ಲ. ಇಂದಿಗೂ ಬ್ರೌಸರ್‌ಗಳು ವಿಳಾಸದ ಮಾರ್ಗಭಾಗವನ್ನು ಯು.ಟಿ.ಎಫ್.-೮ರಲ್ಲಿಯೇ ಬರೆದರೂ, ಪ್ರಶ್ನಾರ್ಥಕ ಚಿಹ್ನೆಯ ಮುಂದಿನ ಭಾಗವನ್ನು ಪುಟದ ಸಂಕೇತದಲ್ಲಿ ಬರೆಯುತ್ತವೆ.

೨೦೦೭ರ ಡಿಸೆಂಬರಿನಲ್ಲಿ ಜಾಲದ ಪುಟಗಳಲ್ಲಿ ಯು.ಟಿ.ಎಫ್.-೮ರ ಬಳಕೆಯು ಆಸ್ಕಿಯನ್ನೂ ಪಶ್ಚಿಮ ಯೂರೋಪಿನ ಸಂಕೇತವನ್ನೂ ಮೀರಿತೆಂದು ಗೂಗಲ್ ಸಂಸ್ಥೆಯು ವರದಿಮಾಡಿತು. ೨೦೧೪ರ ಜೂನ್ ತಿಂಗಳಿನಲ್ಲಿ ಎಚ್.ಟಿ.ಟಿ.ಪಿ. ನಿಯಮವನ್ನು ಮತ್ತೆ ಬರೆದಾಗ, ಹೆಸರಿಲ್ಲದ ಬರಹವು ಐ.ಎಸ್.ಒ. ೮೮೫೯-೧ ಎಂಬ ಹಳೆಯ ವಿಧಿಯನ್ನು ಕೈಬಿಡಲಾಯಿತು. ಈಗ ಎಚ್.ಟಿ.ಎಂ.ಎಲ್. ನಿರೂಪಣೆಯು ಪುಟಗಳು ಯು.ಟಿ.ಎಫ್.-೮ರಲ್ಲಿಯೇ ಇರತಕ್ಕದ್ದೆಂದು ವಿಧಿಸುತ್ತದೆ. ಹೀಗೆ ಸಂಕೇತವನ್ನು ಹೇಳುವುದಕ್ಕೆ ಸ್ಥಳವನ್ನು ಒದಗಿಸುವುದರಿಂದಲ್ಲ, ಎಲ್ಲರೂ ಒಂದನ್ನೇ ಬಳಸಿ ಹೇಳುವ ಅವಶ್ಯಕತೆಯೇ ಇಲ್ಲದಂತೆ ಮಾಡಿದುದರಿಂದ ತೊಡಕು ಬಗೆಹರಿಯಿತು.

ಕನ್ನಡಕ್ಕೆ ಇದರೊಡನೆ ಇನ್ನೊಂದು ತೊಡಕೂ ಇತ್ತು. ೧೯೯೦ರ ದಶಕದಲ್ಲಿಯೂ ಅನಂತರವೂ ನಮ್ಮ ಮುದ್ರಣಾಲಯಗಳು, ಪತ್ರಿಕೆಗಳು, ಕಚೇರಿಗಳು ಬಳಸಿದುದು ಬಹುಮಟ್ಟಿಗೆ ಅಕ್ಷರಗಳ ಸಂಕೇತವನ್ನಲ್ಲ, ಅಚ್ಚುರೂಪಗಳ ಸಂಕೇತವನ್ನು. ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ತಲೆಕಟ್ಟು, ಒತ್ತಕ್ಷರ, ಕೊಂಬುಗಳ ತುಂಡುಗಳನ್ನಿಟ್ಟು ಅವುಗಳನ್ನು ಜೋಡಿಸಿ ಕನ್ನಡವನ್ನು ತೋರಿಸುತ್ತಿದ್ದರು. ೧೯೯೮ರಲ್ಲಿ ಬಂದ 'ಬರಹ', ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಮೊದಲಾದ ತಂತ್ರಾಂಶಗಳು ಕನ್ನಡದಲ್ಲಿ ಬರೆಯುವುದನ್ನು ಸಾವಿರಾರು ಜನರಿಗೆ ಸುಲಭಗೊಳಿಸಿ ಮಹೋಪಕಾರವನ್ನು ಮಾಡಿದವು. ಆದರೆ ಅಂದಿನ ಅಚ್ಚುರೂಪದ ಬರಹವು ಯಂತ್ರದ ದೃಷ್ಟಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಅಕ್ಷರಶೈಲಿಯ ಹೆಸರು ಕಳೆದುಹೋದರೆ ಓದುವ ಕೀಲಿಕೈಯೇ ಕಳೆದುಹೋದಂತೆ. ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಯೂನಿಕೋಡಿಗೆ ಆಸರೆ ದೊರೆತ ಮೇಲೆ, ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಂತಹ ಪ್ರಯತ್ನಗಳು ಸಾಧ್ಯವಾದವು. ಆ ಹಿಂದಿನ ಕಡತಗಳಲ್ಲಿ ಪರಿವರ್ತಿತವಾಗದೆ ಉಳಿದವು ಇಂದಿಗೂ ಇವೆ.

೮. ಉಪಸಂಹಾರ

ಏಕಸಂಕೇತವು ಬಂದುದರಿಂದ ಎಲ್ಲವೂ ಮುಗಿಯಿತೆಂದು ಭಾವಿಸಬಾರದು. ಒಕಾರದ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಊಕಾರಗಳ ಚಿಹ್ನೆಗಳೆರಡನ್ನು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಇವೆರಡನ್ನೂ ಸಮೀಕರಿಸದ ಯಂತ್ರವು ಮತ್ತೊಮ್ಮೆ "ಪದವಿಲ್ಲ" ಎಂದೇ ಹೇಳುತ್ತದೆ.

ಹಳಗನ್ನಡದ ಅಭ್ಯಾಸಿಗಳಿಗೆ ಇನ್ನೊಂದು ಸಂಗತಿಯು ಸ್ವಾರಸ್ಯವಾಗಿ ಕಾಣಬಹುದು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಷ್ಟು ಆಸ್ಥೆಯಿಂದ ವಿವೇಚಿಸಿದ ೞಕಾರಕ್ಕೆ ಯೂನಿಕೋಡಿನಲ್ಲಿ ಸ್ಥಾನವಿದೆ. ಆದರೆ ಅದಕ್ಕೆ ಕೊಟ್ಟ ಇಂಗ್ಲಿಷ್ ಹೆಸರು 'ಕನ್ನಡ ಅಕ್ಷರ ಫ' ಎಂದು. ಇದು ಸ್ಪಷ್ಟವಾದ ಪ್ರಮಾದ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮವಿರುವುದರಿಂದ ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ಸರಿಯಾದ ಹೆಸರನ್ನು ಅಧಿಕೃತ ಪರ್ಯಾಯವಾಗಿ ಸೇರಿಸಿದ್ದಾರೆ. ಹೆಸರು ತಪ್ಪಾದರೂ ಸಂಖ್ಯೆಯು ಸ್ಥಿರವಾಗಿರುವುದರಿಂದ ಶಾಸನದ ೞಕಾರವನ್ನು ಬರೆದಿಟ್ಟವನ ಶ್ರಮವು ವ್ಯರ್ಥವಾಗುವುದಿಲ್ಲ. ಕನ್ನಡ ಬಲ್ಲವರು ಇಂತಹ ನಿರ್ಣಯಗಳ ಕಾಲದಲ್ಲಿ ಹತ್ತಿರವಿರಬೇಕೆಂಬುದನ್ನು ಮಾತ್ರ ಇದು ನೆನಪಿಸುತ್ತದೆ.

ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿಜ್ಞಾಪನೆಯು ಇಷ್ಟೆ. ಯಾವುದೇ ಸಂಗ್ರಹವನ್ನು ಆಧಾರವಾಗಿ ಬಳಸುವ ಮುನ್ನ, ಅದರಲ್ಲಿ ಖಂಡಿತವಾಗಿ ಇರುವುದೆಂದು ತಾವು ಬಲ್ಲ ಒಂದು ಪದವನ್ನು ಹುಡುಕಿ ನೋಡಬೇಕು. ಅದು ಸಿಕ್ಕದಿದ್ದರೆ ಯಂತ್ರದ ಯಾವ 'ಇಲ್ಲ'ವನ್ನೂ ನಂಬತಕ್ಕದ್ದಲ್ಲ. ಸಂಗ್ರಹವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವಾಗ ಸಂಕೇತದ ಹೆಸರನ್ನು ಬರೆದಿಡಬೇಕು, ಮೂಲಪ್ರತಿಯನ್ನು ಅಳಿಸಕೂಡದು. ಕ್ಷೇತ್ರಕಾರ್ಯದ ಕೈಬರಹದ ಪುಸ್ತಕಗಳನ್ನು, ಅವು ಎಷ್ಟೇ ಮಾಸಿದ್ದರೂ, ವಿಭಾಗದ ಬೀರುವಿನಲ್ಲಿ ಕಾಪಾಡಬೇಕು. ನಮ್ಮ ಸಂಗ್ರಹದಲ್ಲಿ ಇಂದು ಓದಲು ಸಾಧ್ಯವಾಗಿರುವ ಕುಂಬಾರಿಕೆಯ ಪದಗಳೆಲ್ಲವೂ ಅಂತಹ ಪುಸ್ತಕಗಳಿಂದಲೇ ಉಳಿದು ಬಂದವು.